ಯಜಮಾನರು ಇಂಜೆಕ್ಷನ್ ಬೇಡ ಅಂತಿದ್ದಾರೆ. ಮಿಲಿಟರಿಯಲ್ಲಿದ್ದು ಬೇಡ ಅನ್ನಬಹುದಾ?

ಹಡಪ್ಸರ್, ಪುಣೆಯಿಂದ ಕೇಳುತ್ತಿದ್ದೇನೆ

ನಮ್ಮ ಯಜಮಾನರು ಸೈನ್ಯದಲ್ಲಿ ನಾಯಕ್. ಊರು ವಿಜಯಪುರದ ಕಡೆ, ಈಗ ಪುಣೆಯಲ್ಲಿ ಪೋಸ್ಟಿಂಗ್. ಸರ್ವೀಸ್ ಹದಿಮೂರನೇ ವರ್ಷ ನಡೀತಿದೆ. ದಕ್ಷಿಣ ಸುಡಾನಿಗೆ ಹೋಗುವ ಯು.ಎನ್. ತುಕಡಿಯ ಪಟ್ಟಿಯಲ್ಲಿ ಹೆಸರು ಬಂದಿದೆ. ಹೋಗೋಕೆ ಆಸೆ ಇದೆ, ದುಡ್ಡೂ ಚೆನ್ನಾಗಿ ಸಿಗುತ್ತೆ. ಆದರೆ ಅಲ್ಲಿಗೆ ಹೋಗೋಕೆ ಬೇಕಾದ ಹಳದಿ ಜ್ವರದ ಇಂಜೆಕ್ಷನ್ ಮಾತ್ರ ತಗೊಳ್ಳಲ್ಲ ಅಂತ ಹಟ. ಕೋವಿಡ್ ಸಮಯದಲ್ಲಿ ಎರಡನೇ ಡೋಸ್ ಆದ ರಾತ್ರಿ ಜ್ವರ ಬಂದು ಎದೆ ಡವಡವ ಅಂತ ಹೊಡ್ಕೊಂಡಿತ್ತು. ಆಮೇಲೆ ಜೊತೆಯವರೊಬ್ಬರ ಅಣ್ಣ ಹಾರ್ಟ್ ಅಟ್ಯಾಕ್‌ನಿಂದ ಹೋದರು. ಅವತ್ತಿನಿಂದ ಮೊಬೈಲ್‌ನಲ್ಲಿ ಬರೀ ಅಂಥದ್ದೇ ವಿಡಿಯೋ. 'ಸುಪ್ರೀಂ ಕೋರ್ಟೇ ಹೇಳಿದೆ, ಬಲವಂತ ಮಾಡೋ ಹಾಗಿಲ್ಲ' ಅಂತ ನನಗೇ ಪಾಠ ಮಾಡ್ತಾರೆ. ಮನೆ ಇರೋದು ದೇಶಕ್ಕೆಲ್ಲ ಲಸಿಕೆ ಕಳಿಸೋ ಕಾರ್ಖಾನೆ ಇರುವ ಏರಿಯಾದಲ್ಲಿ, ಇದನ್ನ ಯಾರ ಹತ್ತಿರ ಹೇಳಲಿ? ನಿಮ್ಮ ಮನೆಯಲ್ಲಿ ಯಾರಾದರೂ ಹೀಗೆ ಬೇಡ ಅಂದದ್ದು ಇದೆಯಾ? ಏನಾಯ್ತು? ನೌಕರಿ ಹೋಗುತ್ತಾ?

ಖಡ್ಕಿಯಿಂದ, ನಿವೃತ್ತ ಸುಬೇದಾರ್

ಮೊದಲು ಗಾಬರಿ ಬಿಡಿ ತಂಗಿ. ಎರಡು ಬೇರೆ ವಿಷಯ ಸೇರಿಕೊಂಡಿವೆ. ಯು.ಎನ್.ಗೆ ಹೋಗದೇ ಇರುವುದು ಬೇರೆ, ಸಾಹೇಬರು ಕೊಟ್ಟ ಆರ್ಡರಿಗೆ ಇಲ್ಲ ಅನ್ನುವುದು ಬೇರೆ. ನಮ್ಮ ಯೂನಿಟ್‌ನಲ್ಲಿ ಯು.ಎನ್. ಪಟ್ಟಿಗೆ ಬರೋಕೆ ಕ್ಯೂ ಇರುತ್ತಿತ್ತು. ಒಬ್ಬ ಹಿಂದೆ ಸರಿದರೆ ಸಂಜೆಯೊಳಗೆ ಆ ಜಾಗಕ್ಕೆ ಇನ್ನೊಬ್ಬ. ಮನೆ ಕಾರಣ ಹೇಳಿ ಬರೆದುಕೊಟ್ಟು ಹೆಸರು ತೆಗೆಸಿಕೊಂಡವರಿಗೆ ಯಾರೂ ಏನೂ ಅನ್ನಲಿಲ್ಲ, ಸ್ವಲ್ಪ ಗೇಲಿ ಬಿಟ್ಟರೆ. ಆದರೆ ಪಟ್ಟಿಯಲ್ಲೇ ಇದ್ದುಕೊಂಡು, ಎಂ.ಐ. ರೂಮಿನ (ಯೂನಿಟ್ಟಿನ ದವಾಖಾನೆ) ಮುಂದೆ ಸಾಲಿನಲ್ಲಿ ನಿಂತು, ಎಲ್ಲರ ಎದುರು 'ಚುಚ್ಚಿಸಿಕೊಳ್ಳಲ್ಲ' ಅಂದರೆ ಅಲ್ಲಿಗೆ ಮಾತು ಲಸಿಕೆಯದ್ದಾಗಿ ಉಳಿಯಲ್ಲ, ಡಿಸಿಪ್ಲಿನ್‌ದಾಗುತ್ತೆ.

ನಾವು ಭರ್ತಿಯಾದಾಗ ಟಿ.ಎ.ಬಿ. ಅಂತ ಟೈಫಾಯ್ಡ್ ಸೂಜಿ ಇತ್ತು. ಹಳಬರನ್ನು ಕೇಳಿ, ಈಗಲೂ ತೋಳು ಮುಟ್ಟಿ ನೋಡಿಕೊಳ್ಳುತ್ತಾರೆ. ಬನಿಯನ್‌ನಲ್ಲಿ ಸಾಲು ನಿಲ್ಲಿಸೋರು, ಕಂಪೌಂಡರ್ ಸ್ಪಿರಿಟ್ ಹತ್ತಿ ಸವರಿ ಮುಂದೆ ಹೋಗ್ತಿದ್ದ, ಹಿಂದೆ ಸೂಜಿ. ರಾತ್ರಿ ಬ್ಯಾರಕ್ಕಿಗೆ ಬ್ಯಾರಕ್ಕೇ ಜ್ವರದಿಂದ ನರಳುತ್ತಿತ್ತು. ಮಾರನೇ ದಿನ ಪರೇಡ್ ಮಾಫಿ. ಬೇಡ ಅನ್ನಬಹುದು ಅನ್ನೋದೇ ನಮಗೆ ಗೊತ್ತಿರಲಿಲ್ಲ. ಈಗಿನ ಹುಡುಗರು ಕೇಳ್ತಾರೆ, ಕೇಳಲಿ, ತಪ್ಪಲ್ಲ. ಆದರೆ ಎಲ್ಲಿ ಕೇಳಬೇಕು ಅನ್ನೋದು ಗೊತ್ತಿರಬೇಕು.

ಚಿಂಚವಡದಿಂದ

ನಾನು ಸಿವಿಲಿಯನ್, ಐ.ಟಿ.ಯವನು, ಆದರೂ ನಿಮ್ಮ ಯಜಮಾನರ ಪರವಾಗಿ ಎರಡು ಮಾತು. ಅವರನ್ನು ಹುಚ್ಚ ಅನ್ನಬೇಡಿ. ಸೈನಿಕರು ಲಸಿಕೆಗೆ ಬೇಡ ಅಂದದ್ದು ಇವತ್ತಿನ ವಾಟ್ಸಾಪ್ ಕಥೆ ಅಲ್ಲ. ಅಮೆರಿಕದಲ್ಲಿ 1998ರಿಂದ ಸೈನ್ಯಕ್ಕೆ ಆಂಥ್ರಾಕ್ಸ್ ಲಸಿಕೆ ಕಡ್ಡಾಯ ಮಾಡಿದರು. ತಗೊಳ್ಳದವರನ್ನು ಶಿಕ್ಷಿಸಿದರು, ಹೊರಗೂ ಹಾಕಿದರು. 2004ರಲ್ಲಿ ಫೆಡರಲ್ ಕೋರ್ಟ್ ಆ ಕಡ್ಡಾಯವನ್ನೇ ತಡೆಯಿತು. ಉಸಿರಾಟದಿಂದ ಬರುವ ಆಂಥ್ರಾಕ್ಸಿಗೆ ಆ ಲಸಿಕೆಗೆ ಸರಿಯಾದ ಮಂಜೂರಾತಿ ಇಲ್ಲ ಅನ್ನೋದು ಕಾರಣ. ಅಂದರೆ ಬೇಡ ಅಂದವರ ಹತ್ತಿರ ಒಂದು ನ್ಯಾಯವಾದ ಪಾಯಿಂಟ್ ಇತ್ತು ಅಲ್ವಾ? ಕೋವಿಡ್‌ದೂ ಅಷ್ಟೇ. 2021ರ ಆಗಸ್ಟ್‌ನಲ್ಲಿ ಅಲ್ಲಿ ಕಡ್ಡಾಯ ಮಾಡಿದರು, 8,000ಕ್ಕೂ ಹೆಚ್ಚು ಜನರನ್ನು ಮನೆಗೆ ಕಳಿಸಿದರು, 2023ರ ಜನವರಿಯಲ್ಲಿ ಆದೇಶವನ್ನೇ ವಾಪಸ್ ತಗೊಂಡರು. 2025ರಲ್ಲಿ ಅಧ್ಯಕ್ಷರೇ 'ಹಳೇ ಸಂಬಳ ಕೊಡ್ತೀವಿ, ವಾಪಸ್ ಬನ್ನಿ' ಅಂದರು.

ನಮ್ಮ ಚಾಪೇಕರ್ ಚೌಕದಲ್ಲಿ ನಿಂತಿರುವ ಪ್ರತಿಮೆ ಯಾಕೆ ಅಂತ ಯೋಚಿಸಿ. 1897ರ ಪ್ಲೇಗಿನಲ್ಲಿ, ಆಮೇಲೆ ಚಾಪೇಕರ್ ಸಹೋದರರ ಗುಂಡಿಗೆ ಬಲಿಯಾದ ಬ್ರಿಟಿಷ್ ಅಧಿಕಾರಿ ರ‍್ಯಾಂಡ್ ಸಾಹೇಬ ಸೋಲ್ಜರುಗಳನ್ನು ಮನೆಮನೆಗೆ ನುಗ್ಗಿಸಿದ. ಜನರ ಆರೋಗ್ಯದ ಹೆಸರಿನಲ್ಲೇ ಮಾಡಿದ್ದು ಅದು.

ಡೊಂಬಿವಲಿಯಿಂದ, ವಕೀಲರ ಆಫೀಸಿನಲ್ಲಿ ಕೆಲಸ

ಚಿಂಚವಡದವರೇ, ಚಾಪೇಕರ್ ಕಥೆ ಲಸಿಕೆಯದ್ದಲ್ಲ, ಮನೆ ತಪಾಸಣೆಯದ್ದು. ಅದೇ ವರ್ಷ ಮುಂಬೈಯಲ್ಲಿ ವಿಜ್ಞಾನಿ ಹಾಫ್‌ಕಿನ್ ಪ್ಲೇಗ್ ಲಸಿಕೆಯನ್ನು ಮೊದಲು ತನಗೇ ಚುಚ್ಚಿಕೊಂಡ, ಆಮೇಲೆ ಬೈಕುಲ್ಲಾ ಜೈಲಿನಲ್ಲಿ ಕೊಟ್ಟ. ಇನ್ನು ಅಮೆರಿಕದ ವಿಷಯ. ಅಲ್ಲಿ ಆದೇಶ ಹೋಗಿದ್ದು ಸೈನಿಕರು ಬೇಡ ಅಂದರು ಅಂತ ಅಲ್ಲ, ಸಂಸತ್ತು 2022ರ ಡಿಸೆಂಬರ್‌ನಲ್ಲಿ ಕಾನೂನು ಮಾಡಿ ತೆಗೆಸಿತು. ಮಧ್ಯದಲ್ಲಿ ನೌಕರಿ ಕಳ್ಕೊಂಡವರ ಮನೆ ಬಾಡಿಗೆಯನ್ನು ಯಾರೂ ಕಟ್ಟಲಿಲ್ಲ.

ಈಗ ನಮ್ಮ ದೇಶದ್ದು. ಯಜಮಾನರು ಹೇಳುವ ತೀರ್ಪು 2022ರ ಮೇ 2ರದ್ದು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವ ಹಾಗಿಲ್ಲ, ಅದು ಸಂವಿಧಾನದ 21ನೇ ವಿಧಿಯ ಹಕ್ಕು ಅಂತ ಹೇಳಿದ್ದು ನಿಜ. ಆದರೆ ಅದೇ ತೀರ್ಪು ಜನರ ಆರೋಗ್ಯಕ್ಕಾಗಿ ಸರ್ಕಾರ ಅಳತೆ ಮೀರದ ನಿರ್ಬಂಧ ಹಾಕಬಹುದು ಅಂತಲೂ ಹೇಳಿದೆ. ವಿಡಿಯೋದವರು ಆ ಭಾಗ ಕತ್ತರಿಸಿರುತ್ತಾರೆ. ನಮಗೆ ಮುಂಬೈ ಲೋಕಲ್ ನೆನಪಿದೆ. 2021ರ ಆಗಸ್ಟ್ 15ರಿಂದ ಎರಡು ಡೋಸ್ ಆಗಿ ಹದಿನಾಲ್ಕು ದಿನ ಕಳೆಯದೆ ಪಾಸೇ ಇರಲಿಲ್ಲ. ಬೈಯ್ಕೊಂಡೇ ಹಾಕಿಸಿಕೊಂಡೆವು.

ಸೈನಿಕರಿಗೆ ಇನ್ನೂ ಒಂದು ಗಂಟು ಇದೆ. ಸಂವಿಧಾನದ 33ನೇ ವಿಧಿ. ಸೈನ್ಯದವರ ಮೂಲಭೂತ ಹಕ್ಕುಗಳನ್ನು ಎಷ್ಟು ಮೊಟಕು ಮಾಡಬೇಕು ಅಂತ ಸಂಸತ್ತು ತೀರ್ಮಾನಿಸಬಹುದು. ಆದ್ದರಿಂದ ನಮಗೆ ಇರುವ ಹಕ್ಕು ಅವರಿಗೂ ಅಷ್ಟೇ ಇದೆ ಅಂದುಕೊಳ್ಳೋ ಹಾಗಿಲ್ಲ. 1950ರ ಆರ್ಮಿ ಆ್ಯಕ್ಟಿನ 41ನೇ ಸೆಕ್ಷನ್ನು ಆದೇಶ ಮೀರಿದ್ದಕ್ಕೆ. ಯುದ್ಧ ಇಲ್ಲದಾಗಲೂ ಕಾಗದದ ಮೇಲೆ ಐದು ವರ್ಷದವರೆಗೆ ಶಿಕ್ಷೆ ಇದೆ. ಲಸಿಕೆಗೆ ಯಾರೂ ಅಲ್ಲಿಯವರೆಗೆ ಎಳೆಯಲ್ಲ, ಶೋಕಾಸ್ ನೋಟಿಸ್ ಕೊಟ್ಟು ಹೊರಗೆ ಕಳಿಸೋ ದಾರಿ ಸುಲಭ.

ನಿಜವಾಗಿ ನಡೆದದ್ದು ಗುಜರಾತಿನದು. ಜಾಮ್‌ನಗರದಲ್ಲಿದ್ದ ವಾಯುಸೇನೆಯ ಕಾರ್ಪೊರಲ್ ಒಬ್ಬರು ಕೋವಿಡ್ ಲಸಿಕೆ ಬೇಡ ಅಂದರು. ನೋಟಿಸ್ ಬಂತು, ಅವರು ಹೈಕೋರ್ಟಿಗೆ ಹೋದರು. 2021ರ ಆಗಸ್ಟ್‌ನಲ್ಲಿ ಸರ್ಕಾರ ಕೋರ್ಟಿಗೆ ಹೇಳಿದ್ದು ಏನು ಅಂದರೆ, ಇಡೀ ವಾಯುಸೇನೆಯಲ್ಲಿ ಬೇಡ ಅಂದವರು ಒಂಬತ್ತು ಜನ, ಅದರಲ್ಲಿ ನೋಟಿಸಿಗೆ ಉತ್ತರವನ್ನೇ ಕೊಡದ ಒಬ್ಬರನ್ನು ವಜಾ ಮಾಡಿದ್ದೇವೆ, ಸಾಮಾನ್ಯ ಜನರಿಗೆ ಲಸಿಕೆ ಐಚ್ಛಿಕ ಆದರೂ ವಾಯುಸೇನೆಯವರಿಗೆ ಅದು ಸರ್ವೀಸಿನ ಷರತ್ತು ಅಂತ. ಗಮನಿಸಿ, ಹೋದವನು ಉತ್ತರ ಕೊಡದವನು. ಸಿಟ್ಟಿನಲ್ಲಿ ಕಾಗದವನ್ನು ಡ್ರಾಯರಿನಲ್ಲಿ ಇಟ್ಟುಕೊಂಡು ಕೂರಬಾರದು.

ಹದಿಮೂರನೇ ವರ್ಷ ಅಂದಿರಿ. ಜವಾನರ ಪಿಂಚಣಿಗೆ ಹದಿನೈದು ವರ್ಷ ಬೇಕು. ಈಗ ವಜಾ ಆದರೆ ಪಿಂಚಣಿ ಸಿಗಲ್ಲ. ಇದನ್ನು ಅವರ ಮುಂದೆ ಇಡಿ, ವಿಡಿಯೋ ಜೊತೆ ವಾದ ಮಾಡಬೇಡಿ. ಮುಂದೆ ಏನಾದರೂ ಆದರೆ ಮೊದಲು ಆರ್ಮಿ ಆ್ಯಕ್ಟಿನ 26ನೇ ಸೆಕ್ಷನ್ನಿನಲ್ಲಿ ದೂರು, ಅದು ಮುಗಿದ ಮೇಲೆ ಸೇನಾ ನ್ಯಾಯಮಂಡಳಿ. ಮಹಾರಾಷ್ಟ್ರ, ಗೋವಾ, ಗುಜರಾತಿಗೆ ಅದರ ಪೀಠ ಮುಂಬೈಯಲ್ಲೇ ಇದೆ.

ಠಾಣೆಯಿಂದ

ನನ್ನ ತಮ್ಮನದ್ದೂ ಇದೇ ರಾಗ, ನೇವಿಯಲ್ಲಿದ್ದಾನೆ. ಕೊನೆಗೆ ಏನಾಯ್ತು ಅಂತ ತಿಳಿಸಿ ಅಕ್ಕ.

ವಾಸ್ಕೋ, ಗೋವಾದಿಂದ

ನಾನು ಮಿಲಿಟರಿ ಅಲ್ಲ, ಹಡಗಿನ ಕೆಲಸ. ಆಫ್ರಿಕಾದ ಬಂದರುಗಳಿಗೆ ಹೋಗಬೇಕಿತ್ತು, ಹಾಗಾಗಿ ಹಳದಿ ಜ್ವರದ ಲಸಿಕೆ ನನಗೆ ಆಗಿದೆ. ಯಾರೂ ಆ ಇಂಜೆಕ್ಷನ್ ಬಗ್ಗೆಯೇ ಹೇಳಿಲ್ಲ, ಅದಕ್ಕೆ ಬರೀತಿದ್ದೇನೆ. ಇಲ್ಲಿ ಮುರ್ಗಾಂವ್ ಬಂದರಿನ ಆರೋಗ್ಯ ಕಚೇರಿಯಲ್ಲಿ ಹಾಕಿಸಿಕೊಂಡೆ. ಚುಚ್ಚುವ ಮೊದಲು ಡಾಕ್ಟರು ಕೇಳಿದ ಮೊದಲ ಪ್ರಶ್ನೆಯೇ 'ಮೊಟ್ಟೆ ತಿಂದರೆ ಅಲರ್ಜಿ ಇದೆಯಾ' ಅಂತ. ಆ ಲಸಿಕೆಯನ್ನು ಮೊಟ್ಟೆಯಲ್ಲೇ ಬೆಳೆಸುತ್ತಾರಂತೆ. ಆಮೇಲೆ ಎದೆಯೊಳಗಿನ ಥೈಮಸ್ ಗ್ರಂಥಿಯ ತೊಂದರೆ, ಕ್ಯಾನ್ಸರ್ ಔಷಧ, ಸ್ಟೆರಾಯ್ಡ್, ಎಚ್‌ಐವಿ ಎಲ್ಲಾ ಕೇಳಿ ಸಹಿ ಹಾಕಿಸಿಕೊಂಡರು. ಬೆಂಚಿನ ಮೇಲೆ ಅರ್ಧ ಗಂಟೆ ಕೂರಿಸಿದರು. ಹೋಗುವಾಗ ಕೈಗೆ ಹಳದಿ ಪುಸ್ತಕ. ಅದರಲ್ಲಿ ಬ್ಯಾಚ್ ನಂಬರ್, ಠಸ್ಸೆ, ಡಾಕ್ಟರ ಸಹಿ. ಹತ್ತು ದಿನದ ನಂತರ ಅದು ಊರ್ಜಿತ. ಮೊದಲು ಹತ್ತು ವರ್ಷಕ್ಕೊಮ್ಮೆ ಅಂತಿತ್ತು, 2016ರಿಂದ ಜೀವನ ಪೂರ್ತಿ ನಡೆಯುತ್ತೆ.

ಆ ಪುಸ್ತಕ ಇಲ್ಲದೆ ಹಳದಿ ಜ್ವರ ಇರುವ ದೇಶದಿಂದ ಭಾರತಕ್ಕೆ ಬಂದರೆ ಆರು ದಿನದವರೆಗೆ ಕ್ವಾರಂಟೀನಿನಲ್ಲಿ ಇಡ್ತಾರೆ. ನಮ್ಮಲ್ಲಿ ಆ ರೋಗ ಇಲ್ಲ, ಆದರೆ ಹರಡುವ ಸೊಳ್ಳೆ ಇದೆ, ಡೆಂಗಿ ತರುವ ಅದೇ ಸೊಳ್ಳೆ. ಹಾಗಾಗಿ ಇದು ಅವರೊಬ್ಬರ ಮೈ ವಿಷಯ ಅಷ್ಟೇ ಅಲ್ಲ, ನಮ್ಮ ಓಣಿಯದ್ದೂ ಹೌದು. ಔಷಧ ಇಲ್ಲದ ಕಾಯಿಲೆ ಅದು. ಜೋರಾಗಿ ಬಂದವರಲ್ಲಿ ಅರ್ಧದಷ್ಟು ಜನ ಉಳಿಯಲ್ಲ.

ಹಡಪ್ಸರ್, ಪುಣೆ

ಎಲ್ಲರಿಗೂ ಥ್ಯಾಂಕ್ಸ್. ಪಿಂಚಣಿ ಮಾತು ಬಂದಾಗ ಸ್ವಲ್ಪ ಮೆತ್ತಗಾದರು. ಆದರೆ ಈಗ ಹೊಸ ಐಡಿಯಾ. 'ಎದೆ ನೋವು ಅಂತ ಹೇಳಿ ತಪ್ಪಿಸಿಕೊಳ್ತೀನಿ' ಅಂತಾರೆ. ಪರವಾಗಿಲ್ವಾ?

ವಾನವಡಿಯಿಂದ, ಸೇನಾ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ

ಬೇಡ ಬೇಡ ಬೇಡ. ಇದು ಬೇಡ ಅನ್ನೋದಕ್ಕಿಂತ ದುಬಾರಿ. ಸುಳ್ಳು ಎದೆ ನೋವು ಹೇಳಿದರೆ ಡಾಕ್ಟರ್ ಸುಮ್ನೆ ಬಿಡಲ್ಲ, ಬಿಡಲೂಬಾರದು. ಇ.ಸಿ.ಜಿ., ಎಕೋ, ದೊಡ್ಡ ಆಸ್ಪತ್ರೆಗೆ ರೆಫರ್, ಆಮೇಲೆ ಮೆಡಿಕಲ್ ಬೋರ್ಡ್. ಷೇಪ್-ಒನ್, ಅಂದರೆ ಪೂರ್ತಿ ಫಿಟ್ ಅನ್ನೋ ದರ್ಜೆ, ಹೋಗಿ ಲೋ ಮೆಡಿಕಲ್ ಕೆಟಗರಿ ಅಂತ ಒಮ್ಮೆ ಬಿದ್ದರೆ ಇಪ್ಪತ್ನಾಲ್ಕು ವಾರ ಕಾದು ಮತ್ತೆ ಬೋರ್ಡ್ ಮುಂದೆ ನಿಲ್ಲಬೇಕು. ಯು.ಎನ್. ಅಂತೂ ಹೋಯ್ತು, ಹವಾಲ್ದಾರ್ ಪ್ರಮೋಷನ್ನಿಗೂ ಅಡ್ಡ ಬರುತ್ತೆ. ಬೋರ್ಡಿನಲ್ಲಿ ಸುಳ್ಳು ಅಂತ ಗೊತ್ತಾದರೆ ಅದಕ್ಕೆ ಬೇರೆಯೇ ಸೆಕ್ಷನ್ ಇದೆ.

ಆದರೆ ಆ ರಾತ್ರಿ ಎದೆ ಹೊಡ್ಕೊಂಡದ್ದು ನಿಜ ಅಲ್ವಾ? ಅದನ್ನು ಇದ್ದದ್ದು ಇದ್ದ ಹಾಗೆ ಹೇಳಲಿ. ಸಾಲಿನಲ್ಲಿ ಅಲ್ಲ, ಮೊದಲೇ, ಒಂದು ಬೆಳಿಗ್ಗೆ ಸಿಕ್ ರಿಪೋರ್ಟ್ ಮಾಡಿ, ಯೂನಿಟ್ಟಿನ ಡಾಕ್ಟರ್ ಆರ್.ಎಂ.ಓ. ಹತ್ತಿರ ಒಬ್ಬರೇ ಕೂತು. ಯಾವ ಲಸಿಕೆ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತು ಇತ್ತು, ಆಮೇಲೆ ಓಡುವಾಗ ತೊಂದರೆ ಆಯ್ತಾ, ಇದನ್ನು ಒಂದು ಹಾಳೆಯಲ್ಲಿ ನೀವೇ ಬರೆದುಕೊಡಿ. ಗಂಡಸರು ಅಲ್ಲಿ ಹೋಗಿ 'ಎಲ್ಲಾ ಠೀಕ್ ಸಾಬ್' ಅಂದು ಎದ್ದು ಬರ್ತಾರೆ, ನೋಡಿ ನೋಡಿ ಸಾಕಾಗಿದೆ. ಡಾಕ್ಟರಿಗೆ ಅನುಮಾನ ಬಂದರೆ ಇ.ಸಿ.ಜಿ. ಅವರೇ ಮಾಡಿಸುತ್ತಾರೆ. ಏನಾದರೂ ಸಿಕ್ಕರೆ ಅದು ಗೊತ್ತಾಗಿದ್ದೇ ಒಳ್ಳೇದು, ಲಸಿಕೆ ಇರಲಿ ಬಿಡಲಿ. ಏನೂ ಇಲ್ಲ ಅಂದರೆ ಹೆದರಿಕೆ ಅರ್ಧ ಇಳಿಯುತ್ತೆ.

ಇನ್ನೊಂದು, ಕೋವಿಡ್ ಲಸಿಕೆ ಬೇರೆ, ಇದು ಬೇರೆ. ಇದು 1930ರ ದಶಕದಿಂದ ಬಳಕೆಯಲ್ಲಿದೆ. ಗಂಭೀರ ತೊಂದರೆ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಲಕ್ಷಕ್ಕೆ ಒಬ್ಬರ ಆಸುಪಾಸು, ಅದೂ ಅರವತ್ತು ದಾಟಿದವರಲ್ಲಿ, ಥೈಮಸ್ ತೊಂದರೆ ಇರೋರಲ್ಲಿ ಜಾಸ್ತಿ. ವಾಸ್ಕೋದವರು ಹೇಳಿದ ಪ್ರಶ್ನೆಗಳು ಅದಕ್ಕೇ.

ಚಿಂಚವಡದಿಂದ

ಒಪ್ಪಿದೆ. ಕಡ್ಡಾಯಕ್ಕೆ ನನ್ನ ವಿರೋಧ ಇದ್ದೇ ಇದೆ, ಆದರೆ ನರ್ಸ್ ಅಕ್ಕ ಹೇಳಿದ ಹಾಗೆ ಕೂತು ವಿವರಿಸುವ ಡಾಕ್ಟರ್ ಇದ್ದರೆ ಅರ್ಧ ಜನ ಬೇಡ ಅನ್ನೋದೇ ಇಲ್ಲ. ಮೇಲಿನವರು ಸೈಡ್ ಎಫೆಕ್ಟ್ ಲೆಕ್ಕ ಮುಚ್ಚಿಡಬಾರದು ಅಷ್ಟೇ. 2022ರ ತೀರ್ಪಿನಲ್ಲೂ ಅದನ್ನು ಬಹಿರಂಗ ಮಾಡಿ ಅಂತ ಹೇಳಿದ್ದಾರೆ.

ಖಡ್ಕಿಯಿಂದ, ನಿವೃತ್ತ ಸುಬೇದಾರ್

ತಂಗಿ, ಆರ್.ಎಂ.ಓ. ನೋಡಿದ ಮೇಲೂ ಮನಸ್ಸು ಒಪ್ಪದಿದ್ದರೆ ಜಗಳ ಬೇಡ. ಪಟ್ಟಿ ಅಂತಿಮ ಆಗೋ ಮೊದಲೇ ಸೀನಿಯರ್ ಜೆ.ಸಿ.ಓ. (ಸುಬೇದಾರ್ ದರ್ಜೆಯ) ಸಾಹೇಬರ ಮೂಲಕ ಹೋಗಿ ಹೆಸರು ತೆಗೆಸಿಕೊಳ್ಳಲಿ, ಅರ್ಜಿಯಲ್ಲಿ ಮನೆ ಕಾರಣ ನಿಜವಾಗಿದ್ದರೆ ಮಾತ್ರ ಬರೆಯಲಿ. ಪಟ್ಟಿ ಅಂತಿಮ ಆದ ಮೇಲೆ ಕಷ್ಟ. ತಾರೀಕು ಯಾವಾಗ ಅಂತ ಇವತ್ತೇ ಕೇಳಿಕೊಳ್ಳಿ.