ಎಸ್ಕೇಪ್ ಆದ ಎಚ್‌ಟಿಎಂಎಲ್ ಮತ್ತು ಎಕ್ಸ್‌ಎಸ್‌ಎಲ್‌ಟಿ: ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಬಳಸುವುದು ಸರಿಯೇ?

ವಸುಧಾ
ಕೆಲವು ಕನ್ನಡ ಬ್ಲಾಗುಗಳ ಆರ್‌ಎಸ್‌ಎಸ್ ಫೀಡುಗಳನ್ನು (ಹೊಸ ಲೇಖನಗಳನ್ನು ಎಕ್ಸ್‌ಎಂಎಲ್ ರೂಪದಲ್ಲಿ ಕೊಡುವ ಕಡತಗಳನ್ನು) ಒಟ್ಟುಗೂಡಿಸಿ ಒಂದೇ ಜಾಲಪುಟದಲ್ಲಿ ತೋರಿಸುವ ಸಲುವಾಗಿ ಎಕ್ಸ್‌ಎಂಎಲ್ಲನ್ನು ಬೇರೆ ರೂಪಕ್ಕೆ ಪರಿವರ್ತಿಸುವ ಭಾಷೆಯಾದ ಎಕ್ಸ್‌ಎಸ್‌ಎಲ್‌ಟಿ 1.0ರಲ್ಲಿ ಒಂದು ಸ್ಟೈಲ್‌ಶೀಟ್ (ಪರಿವರ್ತನೆಯ ನಿಯಮಗಳ ಕಡತ) ಬರೆದಿದ್ದೇನೆ. ಫೀಡಿನ ಡಿಸ್ಕ್ರಿಪ್ಷನ್ ಎಲಿಮೆಂಟಿನಲ್ಲಿ ಲೇಖನದ ಎಚ್‌ಟಿಎಂಎಲ್ ಇಡಿಯಾಗಿ ಎಸ್ಕೇಪ್ ಆಗಿ ಬರುತ್ತದೆ, ಅಂದರೆ ಪ್ರತಿ < ಚಿಹ್ನೆಯ ಜಾಗದಲ್ಲಿ &#60; ಎಂಬಂಥ ಸಂಕೇತವಿರುತ್ತದೆ. ಪಠ್ಯವನ್ನು ಹೊರಕ್ಕೆ ಬರೆಯುವ ವ್ಯಾಲ್ಯೂ-ಆಫ್ ಸೂಚನೆಯ ಮೂಲಕ ಅದನ್ನು ಬರೆಸಿದರೆ ಓದುಗರಿಗೆ ಪ್ಯಾರಾಗಳ ಬದಲು ಟ್ಯಾಗುಗಳೇ ಅಕ್ಷರರೂಪದಲ್ಲಿ ಕಾಣುತ್ತವೆ. ಬರೆಯುವಾಗ ಎಸ್ಕೇಪ್ ಮಾಡಬೇಡ ಎಂದು ಹೇಳುವ ಡಿಸೇಬಲ್-ಔಟ್‌ಪುಟ್-ಎಸ್ಕೇಪಿಂಗ್ ಎಂಬ ಆಟ್ರಿಬ್ಯೂಟಿಗೆ ‘ಯೆಸ್’ ಎಂದು ಕೊಟ್ಟ ಮೇಲೆ ಸರ್ವರಿನಲ್ಲಿ ಪರಿವರ್ತನೆ ನಡೆಸುವ ಲಿಬ್‌ಎಕ್ಸ್‌ಎಸ್‌ಎಲ್‌ಟಿ ಎಂಬ ಲೈಬ್ರರಿ ಸರಿಯಾದ ಪುಟವನ್ನೇ ಕೊಟ್ಟಿತು. ಅದೇ ಸ್ಟೈಲ್‌ಶೀಟನ್ನು ಫೈರ್‌ಫಾಕ್ಸ್ ನೇರವಾಗಿ ನಡೆಸಿದಾಗ ಮಾತ್ರ ಟ್ಯಾಗುಗಳು ಮತ್ತೆ ಅಕ್ಷರಗಳಾಗಿಯೇ ಉಳಿದವು. ಈ ಆಟ್ರಿಬ್ಯೂಟನ್ನು ಬಳಸಲೇಬಾರದು ಎಂದು ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಬೇರೆ ದಾರಿ ಯಾವುದು?

ಶ್ರೀಕಂಠ
ಫೈರ್‌ಫಾಕ್ಸ್‌ನ ನಡವಳಿಕೆಯನ್ನು ದೋಷವೆನ್ನಲಾಗದು. ಎಕ್ಸ್‌ಎಸ್‌ಎಲ್‌ಟಿ ಕೆಲಸ ಮಾಡುವುದು ಪಠ್ಯದ ಮೇಲಲ್ಲ, ಮರದ ಮೇಲೆ, ಅಂದರೆ ಒಂದರೊಳಗೊಂದು ಕುಳಿತ ಎಲಿಮೆಂಟುಗಳ ರಚನೆಯ ಮೇಲೆ: ಒಂದು ಮರವನ್ನು ಓದಿ ಇನ್ನೊಂದು ಮರವನ್ನು ಕಟ್ಟುತ್ತದೆ. ಆ ಮರವನ್ನು ಕಡತವಾಗಿ ಬರೆಯುವುದು ಕೊನೆಯ ಹಂತವಾದ ಸೀರಿಯಲೈಸೇಷನ್‌ನ ಕೆಲಸ, ನೀವು ಹೇಳುವ ಆಟ್ರಿಬ್ಯೂಟ್ ಆ ಹಂತಕ್ಕೆ ಕೊಡುವ ಸೂಚನೆ ಮಾತ್ರ. ಫೈರ್‌ಫಾಕ್ಸ್ ಫಲಿತಾಂಶದ ಮರವನ್ನು ನೇರವಾಗಿ ಡಾಮ್ (ಬ್ರೌಸರ್ ತನ್ನೊಳಗೆ ಇಟ್ಟುಕೊಳ್ಳುವ ಪುಟದ ಮರ) ಆಗಿಯೇ ಕಟ್ಟುತ್ತದೆ. ಬರೆಯುವ ಹಂತವೇ ಇಲ್ಲದ ಕಡೆ ಬರೆಯುವ ವಿಧಾನದ ಸೂಚನೆಯನ್ನು ಪಾಲಿಸುವವರು ಯಾರು? 1999ರ ನವೆಂಬರಿನಲ್ಲಿ ಜಾಲದ ಮಾನಕಗಳನ್ನು ರೂಪಿಸುವ ಸಂಸ್ಥೆಯಾದ ಡಬ್ಲ್ಯು3ಸಿ ಹೊರತಂದ 1.0 ಶಿಫಾರಸಿನಲ್ಲಿಯೇ, ಪ್ರೊಸೆಸರುಗಳು (ಸ್ಟೈಲ್‌ಶೀಟನ್ನು ನಡೆಸುವ ತಂತ್ರಾಂಶಗಳು) ಈ ಸೌಲಭ್ಯವನ್ನು ಒದಗಿಸಲೇಬೇಕೆಂದಿಲ್ಲ, ಬೇರೆ ಉಪಾಯವಿಲ್ಲದಾಗ ಮಾತ್ರ ಇದನ್ನು ಬಳಸಬೇಕು ಎಂದು ಹೇಳಲಾಗಿದೆ. 2007ರ 2.0 ಆವೃತ್ತಿ ಇದನ್ನು ಬಳಕೆಯಿಂದ ಕೈಬಿಡಬೇಕಾದವುಗಳ ಸಾಲಿಗೆ ಸೇರಿಸಿತು.

ರಘುನಂದನ
ಶ್ರೀಕಂಠ ಅವರ ವಿವರಣೆ ಸರಿಯಾಗಿದೆ, ಆದರೆ ಅದರಿಂದ ‘ಬಳಸಲೇಬಾರದು’ ಎಂಬ ತೀರ್ಮಾನ ಹೊರಡುವುದಿಲ್ಲ. ನಮ್ಮಲ್ಲಿ ಕೈಪಿಡಿಗಳನ್ನು ಎಕ್ಸ್‌ಎಂಎಲ್‌ನಲ್ಲಿ ಇಟ್ಟಿದ್ದೇವೆ, ಒಳಗಿನ ಎಚ್‌ಟಿಎಂಎಲ್ ನಮ್ಮದೇ ಎಡಿಟರಿನಿಂದ ಬರುತ್ತದೆ, ಪರಿವರ್ತನೆ ನಡೆಯುವುದು ನಮ್ಮದೇ ಸರ್ವರಿನಲ್ಲಿ. ಒಂದು ಆಟ್ರಿಬ್ಯೂಟಿನಲ್ಲಿ ಮುಗಿಯುವ ಕೆಲಸಕ್ಕೆ ಪಾರ್ಸರು (ಪಠ್ಯವನ್ನು ಓದಿ ಮರವಾಗಿಸುವ ತಂತ್ರಾಂಶ), ಶೋಧಕ, ಮತ್ತೊಂದು ಲೈಬ್ರರಿ ಎಂದು ಸಾಲು ಹಚ್ಚಿದರೆ ಮುಂದೆ ಅವೆಲ್ಲವನ್ನೂ ನೋಡಿಕೊಳ್ಳಬೇಕಾದವರು ನಾವೇ.

ಅನುಪಮಾ
ರಘುನಂದನ ಅವರೇ, ನಿಮ್ಮ ಸಂದರ್ಭದಲ್ಲಿ ಅದು ನಡೆಯಬಹುದು. ವಸುಧಾ ಅವರದು ಹಾಗಲ್ಲ, ಅವರು ಅನ್ಯರ ಫೀಡುಗಳನ್ನು ತಮ್ಮ ಪುಟದೊಳಕ್ಕೆ ಬಿಟ್ಟುಕೊಳ್ಳುತ್ತಿದ್ದಾರೆ. ಎಸ್ಕೇಪಿಂಗನ್ನು ನಿಲ್ಲಿಸಿದಾಗ ಲೇಖಕರ ಪ್ಯಾರಾದ ಜೊತೆಗೆ ಯಾರೋ ಸೇರಿಸಿದ ಸ್ಕ್ರಿಪ್ಟ್ ಕೂಡ ಅವರ ತಾಣದ ಹೆಸರಿನಲ್ಲಿಯೇ ಓಡುತ್ತದೆ. ದುರುದ್ದೇಶವೇ ಇಲ್ಲವೆಂದು ಇಟ್ಟುಕೊಂಡರೂ, ಒಬ್ಬ ಬ್ಲಾಗಿಗರ ಲೇಖನದಲ್ಲಿ ಮುಚ್ಚುವ ಡಿವ್ ಟ್ಯಾಗ್ ಒಂದು ಹೆಚ್ಚಾಗಿದ್ದರೆ ಸಾಕು, ಅದರ ಕೆಳಗಿನ ಎಲ್ಲ ಲೇಖನಗಳ ವಿನ್ಯಾಸ ಕೆಡುತ್ತದೆ, ಮತ್ತು ಸ್ಟೈಲ್‌ಶೀಟಿನಲ್ಲಿ ಎಷ್ಟು ಹುಡುಕಿದರೂ ಕಾರಣ ಸಿಗುವುದಿಲ್ಲ, ಏಕೆಂದರೆ ಅದು ಸ್ಟೈಲ್‌ಶೀಟಿನಲ್ಲಿ ಇಲ್ಲ.

ಇಮ್ತಿಯಾಜ್
ಫೀಡ್ ಕೊಡುವವರು ಎಸ್ಕೇಪ್ ಮಾಡುವ ಬದಲು, ಚಿಹ್ನೆಗಳನ್ನು ಬದಲಿಸದೆ ಬರೆಯಬಹುದಾದ ಸಿಡೇಟಾ ವಿಭಾಗದಲ್ಲಿ ಎಚ್‌ಟಿಎಂಎಲ್ ಇಟ್ಟರೆ ಈ ತೊಂದರೆ ತಪ್ಪುವುದಿಲ್ಲವೇ? ಅಲ್ಲಿ ಟ್ಯಾಗುಗಳು ಟ್ಯಾಗುಗಳಾಗಿಯೇ ಇರುತ್ತವೆ.

ಶ್ರೀಕಂಠ
ಕಡತವನ್ನು ತೆರೆದು ನೋಡುವವರ ಕಣ್ಣಿಗೆ ಮಾತ್ರ ಹಾಗೆ ಕಾಣುತ್ತದೆ, ಇಮ್ತಿಯಾಜ್ ಅವರೇ. ಪಾರ್ಸರಿನ ಮಟ್ಟಿಗೆ ಸಿಡೇಟಾ ಎಂಬುದು ಎಸ್ಕೇಪ್ ಮಾಡುವ ಇನ್ನೊಂದು ಬರವಣಿಗೆ ಅಷ್ಟೆ. ಮರದ ಭಾಗಗಳನ್ನು ಆರಿಸಲು ಎಕ್ಸ್‌ಎಸ್‌ಎಲ್‌ಟಿ ಬಳಸುವ ಎಕ್ಸ್‌ಪಾತ್‌ನ ಮಾದರಿಯಲ್ಲಿ ಎರಡೂ ಒಂದೇ ಬಗೆಯ ಪಠ್ಯ ನೋಡ್ ಆಗುತ್ತವೆ. ಯಾವುದು ಹೇಗೆ ಬರೆಯಲ್ಪಟ್ಟಿತ್ತು ಎಂದು ಸ್ಟೈಲ್‌ಶೀಟಿಗೆ ತಿಳಿಯುವ ಮಾರ್ಗವೇ ಇಲ್ಲ.

ವಸುಧಾ ಅವರ ಮೂಲ ಪ್ರಶ್ನೆಗೆ ಬರುವುದಾದರೆ, ಹೊರಬಾಗಿಲಿನಲ್ಲಿ ಎಸ್ಕೇಪಿಂಗ್ ನಿಲ್ಲಿಸುವ ಬದಲು ಒಳಬಾಗಿಲಿನಲ್ಲಿಯೇ ಆ ಪಠ್ಯವನ್ನು ಮರವನ್ನಾಗಿ ಮಾಡಿಕೊಳ್ಳಬೇಕು. ಸ್ಯಾಕ್ಸನ್‌ನಂಥ ಎಕ್ಸ್‌ಎಸ್‌ಎಲ್‌ಟಿ 3.0 ಪ್ರೊಸೆಸರ್ ಇದ್ದರೆ ಪಾರ್ಸ್-ಎಕ್ಸ್‌ಎಂಎಲ್-ಫ್ರಾಗ್ಮೆಂಟ್ ಎಂಬ ಫಂಕ್ಷನ್ ಇದಕ್ಕೆಂದೇ ಇದೆ.

ವಸುಧಾ
ಶ್ರೀಕಂಠ ಅವರ ಸಲಹೆಯಂತೆ ಸ್ಯಾಕ್ಸನ್‌ನಲ್ಲಿ ಪ್ರಯತ್ನಿಸಿದೆ. ಕೆಲವು ಲೇಖನಗಳು ಚೆನ್ನಾಗಿ ಬಂದವು, ಉಳಿದವು ಪಾರ್ಸ್ ಆಗಲಿಲ್ಲ. ಮುಚ್ಚದೆ ಬಿಟ್ಟ ಸಾಲುಮುರಿಯುವ ಟ್ಯಾಗುಗಳ ತಕರಾರನ್ನು ನಿರೀಕ್ಷಿಸಿದ್ದೆ. ಆದರೆ ಕೆಲವು ಲೇಖನಗಳಲ್ಲಿ ಟ್ಯಾಗುಗಳೆಲ್ಲ ಸರಿಯಿದ್ದರೂ ‘ಘೋಷಿಸದ ಎಂಟಿಟಿ’ (ಎಂಟಿಟಿ ಎಂದರೆ ಅಕ್ಷರದ ಬದಲು ಬರೆಯುವ ಹೆಸರು) ಎಂಬ ದೋಷ ಬರುತ್ತಿದೆ. ಎಲ್ಲಿ ‘ರಾಜ್‌ಕುಮಾರ್’ನಂಥ ಪದ ಇದೆಯೋ ಅಲ್ಲಿಯೇ ಪಾರ್ಸರ್ ನಿಲ್ಲುತ್ತದೆ.

ಅನುಪಮಾ
ಆ ಪದದಲ್ಲಿ ‘ಜ್’ಗೆ ‘ಕು’ ಒತ್ತಕ್ಷರವಾಗಿ ಅಂಟಿಕೊಳ್ಳದಿರಲೆಂದು ನಡುವೆ ಶೂನ್ಯ ಅಗಲದ ಒಂದು ಅದೃಶ್ಯ ಅಕ್ಷರವನ್ನು ಹಾಕುತ್ತಾರೆ. ಅದನ್ನು ನೇರವಾಗಿ ಟೈಪ್ ಮಾಡಿದರೂ &#8204; ಎಂದು ಸಂಖ್ಯೆಯಲ್ಲಿ ಬರೆದರೂ ಎಕ್ಸ್‌ಎಂಎಲ್‌ಗೆ ಒಪ್ಪಿಗೆ. ಆದರೆ ಎಚ್‌ಟಿಎಂಎಲ್‌ನಲ್ಲಿ ಅದಕ್ಕೊಂದು ಹೆಸರೂ ಇದೆ, ನಿಮ್ಮ ಬ್ಲಾಗಿಗರು ಬಳಸುವ ಎಡಿಟರು ಆ ಹೆಸರನ್ನೇ ಬರೆದಿರುವಂತೆ ಕಾಣುತ್ತದೆ. ಎಕ್ಸ್‌ಎಂಎಲ್‌ಗೆ ತಾನಾಗಿ ಗೊತ್ತಿರುವ ಹೆಸರುಗಳು ಐದೇ: < ಮತ್ತು > ಚಿಹ್ನೆಗಳು, ಆಂಪರ್ಸೆಂಡ್, ಎರಡು ಬಗೆಯ ಉದ್ಧರಣ ಚಿಹ್ನೆಗಳು. ಒಡೆಯದ ಖಾಲಿ ಜಾಗದ ಎಂಟಿಟಿ ಬಂದಲ್ಲಿಯೂ ನಿಮಗೆ ಇದೇ ದೋಷ ಎದುರಾಗುತ್ತದೆ.

ಹಾಗಾಗಿ ಜಾಲದಿಂದ ಬಂದದ್ದನ್ನು ಎಕ್ಸ್‌ಎಂಎಲ್ ಪಾರ್ಸರಿಗೆ ಕೊಡುವುದೇ ತಪ್ಪು ಹೆಜ್ಜೆ. ಪೈಥಾನ್‌ನ ಎಚ್‌ಟಿಎಂಎಲ್5ಲಿಬ್‌ನಂಥ ನಿಜವಾದ ಎಚ್‌ಟಿಎಂಎಲ್ ಪಾರ್ಸರ್ ಬ್ರೌಸರುಗಳ ನಿಯಮವನ್ನೇ ಅನುಸರಿಸಿ ಮುಚ್ಚದ ಟ್ಯಾಗುಗಳನ್ನು ಮುಚ್ಚುತ್ತದೆ, ಹೆಚ್ಚಾದ ಮುಚ್ಚುಟ್ಯಾಗನ್ನು ಬಿಟ್ಟುಬಿಡುತ್ತದೆ, ಎಂಟಿಟಿಗಳ ಹೆಸರುಗಳನ್ನೂ ಬಲ್ಲದು. ಅದರಿಂದ ಬಂದ ಮರದಲ್ಲಿ ನೀವು ಒಪ್ಪುವ ಎಲಿಮೆಂಟುಗಳನ್ನೂ ಆಟ್ರಿಬ್ಯೂಟುಗಳನ್ನೂ ಮಾತ್ರ ಉಳಿಸಿಕೊಂಡು, ಆಮೇಲೆ ಎಕ್ಸ್‌ಎಸ್‌ಎಲ್‌ಟಿಗೆ ಕೊಡಿ. ಬೇಡವಾದದ್ದನ್ನು ಪಟ್ಟಿ ಮಾಡಿ ತೆಗೆಯಲು ಹೊರಟರೆ ಪಟ್ಟಿಗೆ ಕೊನೆಯಿರುವುದಿಲ್ಲ.

ಇಮ್ತಿಯಾಜ್
ಬ್ರೌಸರಿನಲ್ಲಿಯೇ ಪರಿವರ್ತಿಸಬೇಕಾದವರು ಪಠ್ಯವನ್ನು ತೆಗೆದು ಜಾವಾಸ್ಕ್ರಿಪ್ಟಿನಿಂದ, ಎಲಿಮೆಂಟಿನ ಒಳಗನ್ನು ಎಚ್‌ಟಿಎಂಎಲ್ ಆಗಿ ತುಂಬುವ ಇನ್ನರ್‌ಎಚ್‌ಟಿಎಂಎಲ್‌ಗೆ ಸೇರಿಸಬಹುದಲ್ಲ? ಹಾಗೆ ಸೇರಿಸಿದ ಸ್ಕ್ರಿಪ್ಟ್ ಎಲಿಮೆಂಟುಗಳು ಓಡುವುದಿಲ್ಲ ಎಂದು ಓದಿದ್ದೇನೆ. ಇನ್ನೊಂದು: ಕೆಲವು ಫೀಡುಗಳು ಎರಡು ಸಲ ಎಸ್ಕೇಪ್ ಆಗಿರುತ್ತವೆ, ‘ಕ’ ಅಕ್ಷರದ ಬದಲು ಪುಟದಲ್ಲಿ &#3221; ಎಂದೇ ಕಾಣುತ್ತದೆ. ಇನ್ನು ಬಿಡಿಸುವುದಕ್ಕೆ ಏನೂ ಉಳಿದಿಲ್ಲ ಎನ್ನುವವರೆಗೆ ಬಿಡಿಸುತ್ತ ಹೋದರೆ ಆಯಿತಲ್ಲ?

ಅನುಪಮಾ
ಸ್ಕ್ರಿಪ್ಟ್ ಎಲಿಮೆಂಟ್ ಓಡುವುದಿಲ್ಲ ಎಂಬುದು ನಿಜ. ಆದರೆ ಇಲ್ಲದ ಚಿತ್ರದ ವಿಳಾಸ ಕೊಟ್ಟು, ಅದರ ಆನ್‌ಎರರ್ ಆಟ್ರಿಬ್ಯೂಟಿನಲ್ಲಿ ಬರೆದ ಕೋಡ್ ಓಡಿಯೇ ಓಡುತ್ತದೆ. ಆ ದಾರಿ ಹಿಡಿಯುವವರು ಮೊದಲು ಡಾಮ್‌ಪ್ಯೂರಿಫೈನಂಥ ಶೋಧಕ ಲೈಬ್ರರಿಯಲ್ಲಿ ಶೋಧಿಸಲಿ.

ಶ್ರೀಕಂಠ
ಎರಡನೆಯ ಸಲಹೆಯನ್ನು ದಯವಿಟ್ಟು ಯಾರೂ ಅನುಸರಿಸಬೇಡಿ. ಎಚ್‌ಟಿಎಂಎಲ್ ಕಲಿಸುವ ಒಂದು ಲೇಖನವನ್ನು ನೆನೆಸಿಕೊಳ್ಳಿ: ಓದುಗರಿಗೆ ತೋರಿಸಲೆಂದು ಲೇಖಕರು ಉದಾಹರಣೆಯ ಟ್ಯಾಗನ್ನು ಎಸ್ಕೇಪ್ ಮಾಡಿರುತ್ತಾರೆ, ಫೀಡ್ ಅದನ್ನು ಇನ್ನೊಮ್ಮೆ ಮಾಡುತ್ತದೆ, ಅದು ಸರಿಯಾದದ್ದೇ. ಕೊನೆಮುಟ್ಟ ಬಿಡಿಸಿದರೆ ಆ ಉದಾಹರಣೆಗಳೆಲ್ಲ ನಿಜವಾದ ಟ್ಯಾಗುಗಳಾಗಿ ಪುಟದಿಂದ ಮಾಯವಾಗುತ್ತವೆ. ಎಷ್ಟು ಸಲ ಬಿಡಿಸಬೇಕೆಂಬುದನ್ನು ಪಠ್ಯವನ್ನು ನೋಡಿ ಊಹಿಸಲಾಗದು, ಮೂಲವೇ ಹೇಳಬೇಕು. 2005ರ ಆಟಮ್ ಎಂಬ ಫೀಡ್ ಮಾನಕದಲ್ಲಿ ಟೈಪ್ ಎಂಬ ಆಟ್ರಿಬ್ಯೂಟ್ ಇರುವುದು ಇದಕ್ಕಾಗಿ: ‘ಟೆಕ್ಸ್ಟ್’ ಎಂದರೆ ಬರಿಯ ಪಠ್ಯ, ‘ಎಚ್‌ಟಿಎಂಎಲ್’ ಎಂದರೆ ಎಸ್ಕೇಪ್ ಆದದ್ದು, ‘ಎಕ್ಸ್‌ಎಚ್‌ಟಿಎಂಎಲ್’ ಎಂದರೆ ಒಂದು ಡಿವ್‌ನೊಳಗೆ ನೇರವಾಗಿ ಕುಳಿತ ಮರ. ಆರ್‌ಎಸ್‌ಎಸ್ 2.0ರಲ್ಲಿ ಅಂಥ ಸೂಚನೆ ಇಲ್ಲ, ಶೀರ್ಷಿಕೆಯ ವಿಷಯದಲ್ಲಂತೂ ಒಬ್ಬೊಬ್ಬರದು ಒಂದೊಂದು ಪದ್ಧತಿ. ತಪ್ಪಾಗಿ ಕೊಡುವ ಫೀಡುಗಳಿಗೆ ಮಾತ್ರ ಹೆಸರು ಹಿಡಿದು ಪ್ರತ್ಯೇಕ ನಿಯಮ ಬರೆಯುವುದು ಬೇಸರದ ಕೆಲಸವಾದರೂ ಸುರಕ್ಷಿತ.

ರಘುನಂದನ
ಅನ್ಯರ ಫೀಡುಗಳ ವಿಷಯದಲ್ಲಿ ಅನುಪಮಾ ಅವರ ಮಾತನ್ನು ಒಪ್ಪುತ್ತೇನೆ. ನನ್ನ ಕೈಪಿಡಿಗಳ ಮಟ್ಟಿಗೆ ಆ ಆಟ್ರಿಬ್ಯೂಟನ್ನು ಉಳಿಸಿಕೊಳ್ಳುತ್ತೇನೆ. ಇನ್ನು ಬ್ರೌಸರಿನಲ್ಲಿ ಪರಿವರ್ತಿಸುವ ಯೋಚನೆಯನ್ನು ವಸುಧಾ ಅವರು ಬಿಡುವುದೇ ಲೇಸು. ಎಕ್ಸ್‌ಎಸ್‌ಎಲ್‌ಟಿ ಬೆಂಬಲವನ್ನು ತೆಗೆದುಹಾಕುವ ಯೋಜನೆಯನ್ನು ಕ್ರೋಮ್ 2025ರಲ್ಲಿ ಪ್ರಕಟಿಸಿದೆ.

ವಸುಧಾ
ಸರ್ವರಿನಲ್ಲಿಯೇ, ಎಚ್‌ಟಿಎಂಎಲ್ ಪಾರ್ಸರನ್ನು ಮುಂದಿಟ್ಟುಕೊಂಡು ಮಾಡುತ್ತೇನೆ. ಮುಖಪುಟಕ್ಕೆ ಪ್ರತಿ ಲೇಖನದ ಮೊದಲ 300 ಅಕ್ಷರ ಮಾತ್ರ ಬೇಕು. ಈವರೆಗೆ ಎಸ್ಕೇಪ್ ಆದ ಪಠ್ಯದ ಮೇಲೆಯೇ, ಪಠ್ಯದ ತುಂಡನ್ನು ಕತ್ತರಿಸಿ ಕೊಡುವ ಸಬ್‌ಸ್ಟ್ರಿಂಗ್ ಫಂಕ್ಷನ್ ಬಳಸುತ್ತಿದ್ದೆ. ಲೇಖನದೊಳಗಿನ ಶೀರ್ಷಿಕೆಗಳು ಪುಟದ ಶೀರ್ಷಿಕೆಗಿಂತ ದೊಡ್ಡದಾಗಿ ಕಾಣುವುದೂ ಇದೆ.

ಅನುಪಮಾ
ಎಸ್ಕೇಪ್ ಆದ ಪಠ್ಯವನ್ನು ಕತ್ತರಿಸಿದರೆ ಕತ್ತರಿ ಟ್ಯಾಗಿನ ನಡುವೆ ಬೀಳಬಹುದು, ಲಿಂಕಿನ ವಿಳಾಸವೂ ಆ 300ರಲ್ಲಿ ಲೆಕ್ಕಕ್ಕೆ ಬರುತ್ತದೆ. ಮರ ಸಿಕ್ಕ ಮೇಲೆ ಅದರ ಸ್ಟ್ರಿಂಗ್ ಮೌಲ್ಯವನ್ನು (ಟ್ಯಾಗುಗಳಿಲ್ಲದ ಪಠ್ಯವನ್ನು) ಮಾತ್ರ ತೆಗೆದುಕೊಂಡು, 300ಕ್ಕೆ ಮೊದಲು ಬರುವ ಕೊನೆಯ ಖಾಲಿ ಜಾಗದಲ್ಲಿ ನಿಲ್ಲಿಸಿ. ಸಬ್‌ಸ್ಟ್ರಿಂಗ್ ಎಣಿಸುವುದು ಯೂನಿಕೋಡ್ ಸಂಕೇತಗಳನ್ನು, ‘ಕ್ಷ’ ಅದರ ಎಣಿಕೆಯಲ್ಲಿ ಮೂರು. ನಡುವೆ ಕತ್ತರಿಸಿದರೆ ‘ಕ್’ ಎಂದು ಉಳಿಯುತ್ತದೆ. ಶೀರ್ಷಿಕೆಗಳಿಗೆ, ಒಂದನೆಯ ಹಂತದ್ದನ್ನು ಮೂರನೆಯದಕ್ಕೆ ಇಳಿಸುವ ಒಂದು ಟೆಂಪ್ಲೇಟ್ (ಸ್ಟೈಲ್‌ಶೀಟಿನೊಳಗಿನ ನಿಯಮ) ಸಾಕು. ಚಿತ್ರಗಳ ಅರೆವಿಳಾಸಗಳ (ತಾಣದ ಹೆಸರಿಲ್ಲದ ವಿಳಾಸಗಳ) ಮುಂದೆ ಆಯಾ ಬ್ಲಾಗಿನ ಮೂಲ ವಿಳಾಸವನ್ನು ಸೇರಿಸಲು ಇನ್ನೊಂದು ಟೆಂಪ್ಲೇಟ್ ಬರೆಯಿರಿ, ಇಲ್ಲವಾದರೆ ಅವರ ಚಿತ್ರಗಳನ್ನು ಬ್ರೌಸರ್ ನಿಮ್ಮ ಸರ್ವರಿನಲ್ಲಿ ಹುಡುಕುತ್ತದೆ.