ಮಿಕ್ಕ ಸಾಸೇಜ್ ಮತ್ತೆ ಬಿಸಿ ಮಾಡೋದು ಹೇಗೆ? ಶೆಫ್ ಉತ್ತರ

ಪ್ರಶ್ನೆ, ಬನಶಂಕರಿಯ ಸದಸ್ಯೆ:
ಶೆಫ್ ಸರ್, ನಮಸ್ಕಾರ. ಭಾನುವಾರ ಮಗನ ಬರ್ತ್‌ಡೇಗೆ ಚಿಕನ್ ಸಾಸೇಜ್ ಹುರಿದಿದ್ದೆ. ಹನ್ನೆರಡು ಮಿಕ್ಕಿದವು, ಫ್ರಿಜ್‌ನಲ್ಲಿಟ್ಟೆ. ನಿನ್ನೆ ಬೆಳಿಗ್ಗೆ ದೋಸೆ ಕಾವಲಿ ಮೇಲೆ ಜೋರು ಉರಿಯಲ್ಲಿ ನಾಲ್ಕನ್ನು ಬಿಸಿ ಮಾಡಿದೆ. ಮೇಲೆ ಸೀದುಹೋಯಿತು, ಕಚ್ಚಿದರೆ ನಡುವೆ ತಣ್ಣಗೆ. ಇನ್ನೆರಡನ್ನು ಮೈಕ್ರೋವೇವ್‌ಗೆ ಇಟ್ಟೆ. ಟಪ್ ಅಂತ ಸಿಡಿದು ಒಳಗೆಲ್ಲ ಮೆತ್ತಿಕೊಂಡಿತು. ತಿಂದರೆ ರಬ್ಬರ್ ಥರ. ಇನ್ನೂ ಆರು ಇವೆ. ಸರಿಯಾಗಿ ಬಿಸಿ ಮಾಡೋದು ಹೇಗೆ ಹೇಳ್ತೀರಾ?

ಉತ್ತರ, ಶೆಫ್:
ನಮಸ್ಕಾರ ಮೇಡಂ. ಹದಿನಾರು ವರ್ಷದಿಂದ ಹೋಟೆಲ್‌ನ ಬೆಳಗಿನ ಬಫೆಯಲ್ಲಿ ಸಾಸೇಜ್ ನನ್ನ ಕೆಲಸ. ಕಿಚನ್‌ಗೆ ಹೊಸದಾಗಿ ಸೇರುವ ಹುಡುಗರೂ ಮೊದಲ ವಾರ ಇದೇ ತಪ್ಪು ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ.

ಸಾಸೇಜ್ ಒಳಗಿರುವುದು ಒಂಥರಾ ನಮ್ಮ ಕೈಮವೇ. ಅರೆದ ಮಾಂಸ, ಕೊಬ್ಬು, ನೀರು, ಉಪ್ಪು. ಉಪ್ಪು ಹಾಕಿ ಅರೆದಾಗ ಮಾಂಸಕ್ಕೆ ಅಂಟು ಬರುತ್ತದೆ. ಆ ಅಂಟೇ ನೀರನ್ನೂ ಕೊಬ್ಬನ್ನೂ ಹಿಡಿದಿಟ್ಟಿರುತ್ತದೆ. ಜೋರು ಉರಿ ತಾಗಿದರೆ ಮಾಂಸ ಬಿಗಿದುಕೊಂಡು ಒದ್ದೆ ಬಟ್ಟೆ ಹಿಂಡಿದ ಹಾಗೆ ನೀರು ಹೊರಗೆ ಬರುತ್ತದೆ, ಕೊಬ್ಬೂ ಸೋರುತ್ತದೆ. ಭಾನುವಾರವೇ ಅದು ಬೆಂದಾಗಿದೆ. ಈಗ ಅದಕ್ಕೆ ಬೇಕಾಗಿರುವುದು ನಡುಭಾಗದವರೆಗೆ ಬಿಸಿ, ಅಷ್ಟೇ.

ಅಗಲವಾದ ಪ್ಯಾನ್ ತೆಗೆದುಕೊಳ್ಳಿ. ಸಾಸೇಜ್‌ಗಳನ್ನು ಒಂದರ ಮೇಲೊಂದು ಬೀಳದ ಹಾಗೆ ಜೋಡಿಸಿ. ತಳ ಮುಚ್ಚುವಷ್ಟು ನೀರು ಸಾಕು, ಅರ್ಧ ಕಾಫಿ ಲೋಟ ಅಂದುಕೊಳ್ಳಿ. ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಆರರಿಂದ ಎಂಟು ನಿಮಿಷ ಬಿಡಿ, ನಡುವೆ ಒಂದು ಸಲ ಹೊರಳಿಸಿ. ನೀರು ಕೊತಕೊತ ಕುದಿಯಬಾರದು, ಅಂಚಿನಲ್ಲಿ ಸಣ್ಣ ಗುಳ್ಳೆ ಏಳುತ್ತಿದ್ದರೆ ಸರಿ. ಆಮೇಲೆ ಮುಚ್ಚಳ ತೆಗೆದು ನೀರು ಇಂಗಲು ಬಿಡಿ. ಇಲ್ಲಿ ಕಿವಿ ಕೊಟ್ಟು ಕೇಳಿ. ಇಷ್ಟು ಹೊತ್ತು ಗುಳುಗುಳು ಅನ್ನುತ್ತಿದ್ದದ್ದು ಚೊಂಯ್ ಅನ್ನಲು ಶುರುವಾಗುತ್ತದೆ. ಅಂದರೆ ನೀರು ಮುಗಿಯಿತು, ಕೊಬ್ಬು ಉಳಿಯಿತು. ಆಗ ಅರ್ಧ ಚಮಚ ಎಣ್ಣೆ ಬಿಟ್ಟು ಎರಡು ನಿಮಿಷ ಹೊರಳಾಡಿಸಿ. ಸಿಪ್ಪೆ ಮತ್ತೆ ಗರಿಯಾಗಿ ಹೊಳೆಯುತ್ತದೆ.

ಫೋರ್ಕ್‌ನಿಂದ ಚುಚ್ಚಬೇಡಿ, ರಸವೆಲ್ಲ ಅದೇ ತೂತಿನಿಂದ ಹೋಗುತ್ತದೆ. ಎಲ್ಲಕ್ಕಿಂತ ದಪ್ಪ ಇರುವುದನ್ನು ಕತ್ತರಿಸಿ ನೋಡಿ, ನಡುವಿನಿಂದ ಹಬೆ ಬರಬೇಕು. ಥರ್ಮಾಮೀಟರ್ ಇದ್ದರೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬೆಂಗಳೂರು ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲಿರುವುದರಿಂದ ನಮ್ಮಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಈ ಕೆಲಸಕ್ಕೆ ಅದು ಧಾರಾಳ.

ಒಂದು ಮಾತು ಕೇಳಲೇಬೇಕು ಮೇಡಂ. ಅವತ್ತು ಫ್ರಿಜ್‌ಗೆ ಹೋಗುವ ಮುಂಚೆ ಎಷ್ಟು ಹೊತ್ತು ಹೊರಗಿದ್ದವು?

ಬನಶಂಕರಿಯ ಸದಸ್ಯೆ:
ಕೇಕ್ ಕತ್ತರಿಸಿದ್ದು ಏಳಕ್ಕೆ. ಎಲ್ಲರೂ ಹೋಗಿ ಮೇಜು ಎತ್ತುವಾಗ ಹತ್ತೂವರೆ ಆಗಿತ್ತು. ಚೆನ್ನಾಗಿ ಬಿಸಿ ಮಾಡಿದರೆ ಆಗುತ್ತೆ ಅಲ್ವಾ ಸರ್?

ಶೆಫ್:
ಇಲ್ಲ ಮೇಡಂ. ದಯವಿಟ್ಟು ಆ ಆರನ್ನೂ ಬಿಸಾಡಿ.

ನಿನ್ನೆ ತಿಂದವರೆಲ್ಲ ಆರಾಮಾಗಿದ್ದರೆ ತುಂಬಾ ಸಂತೋಷ. ಆದರೆ ಇನ್ನು ಬೇಡ. ಬೆಂದ ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇರಬಾರದು, ಏಪ್ರಿಲ್ ಬಿಸಿಲಿನ ಮಧ್ಯಾಹ್ನವಾದರೆ ಒಂದೇ ಗಂಟೆ. ಸ್ಟೆಫೈಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ನಮ್ಮ ಕೈಯಲ್ಲಿ, ಮೂಗಿನಲ್ಲೇ ಇರುತ್ತದೆ. ಮಕ್ಕಳು ಕೈ ಹಾಕಿ ಹಾಕಿ ತೆಗೆದುಕೊಂಡ ತಟ್ಟೆ ಅದು. ಮೂರೂವರೆ ಗಂಟೆ ಬೆಚ್ಚಗಿದ್ದರೆ ಅದು ಬೆಳೆದು ವಿಷ ಬಿಡಬಹುದು. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ಆ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆ, ರುಚಿ ಎರಡರಲ್ಲೂ ಗೊತ್ತಾಗುವುದಿಲ್ಲ.

ಅನ್ನ ಚೆಲ್ಲಬಾರದು ಅಂತ ಹೇಳಿಸಿಕೊಂಡು ಬೆಳೆದವರು ನಾವು. ರಾತ್ರಿಯ ಸಾರನ್ನು ಬೆಳಿಗ್ಗೆ ಕುದಿಸಿ, ಮತ್ತೆ ಸಂಜೆ ಕುದಿಸಿ ಇಡುವ ಮನೆಗಳು. ನಮ್ಮಮ್ಮನೂ ಹಾಗೇ. ಆದರೆ ಮಾಂಸಕ್ಕೆ ಆ ಲೆಕ್ಕ ಹಚ್ಚಬೇಡಿ. ಮುಂದಿನ ಸಲ ಅರ್ಧವನ್ನೇ ಹುರಿದು ಮೇಜಿಗೆ ಇಡಿ, ಉಳಿದದ್ದು ಪ್ಯಾಕೆಟ್‌ನಲ್ಲೇ ಇರಲಿ. ಮಿಕ್ಕರೆ ಬೇಗ ಅಗಲದ ಡಬ್ಬಿಗೆ ಹಾಕಿ ಫ್ರಿಜ್‌ಗೆ ಸೇರಿಸಿ, ಮೂರು ದಿನದೊಳಗೆ ಮುಗಿಸಿ. ತಿನ್ನುವಷ್ಟನ್ನೇ ಹೊರಗೆ ತೆಗೆಯಿರಿ, ಒಂದೇ ಸಲ ಬಿಸಿ ಮಾಡಿ.

ಬನಶಂಕರಿಯ ಸದಸ್ಯೆ:
ಬಿಸಾಡಿದೆ ಸರ್. ಎಲ್ಲರೂ ಚೆನ್ನಾಗಿದ್ದಾರೆ. ಕೇಳಿದ್ದು ಒಳ್ಳೆಯದಾಯಿತು.

ಪ್ರಶ್ನೆ, ಮಾರತಹಳ್ಳಿಯ ಸದಸ್ಯ:
ನಾನು ಪಿ.ಜಿ.ಯಲ್ಲಿರೋದು ಸರ್. ಇಲ್ಲಿ ಮೈಕ್ರೋವೇವ್ ಮಾತ್ರ ಇದೆ.

ಶೆಫ್:
ಹಾಗಾದರೆ ಚುಚ್ಚಬೇಡಿ ಅಂದದ್ದನ್ನು ನೀವು ಮರೆತುಬಿಡಿ. ಉದ್ದಕ್ಕೆ ಸೀಳಿ ಎರಡು ಹೋಳು ಮಾಡಿ. ಒಳಗಿನ ನೀರು ಹಬೆಯಾಗಿ ಹೊರಬರಲು ದಾರಿ ಇಲ್ಲದಿದ್ದರೆ ಸಿಪ್ಪೆ ಸಿಡಿಯುತ್ತದೆ. ತಟ್ಟೆಯಲ್ಲಿ ಹರಡಿ, ಒದ್ದೆ ಟಿಶ್ಯೂ ಹೊದಿಸಿ, ಮೀಡಿಯಂ ಪವರ್‌ನಲ್ಲಿ ನಲವತ್ತು ಸೆಕೆಂಡ್. ತಿರುಗಿಸಿ ಇನ್ನೊಂದು ಮೂವತ್ತು. ಒಂದು ನಿಮಿಷ ಹಾಗೇ ಬಿಟ್ಟರೆ ಬಿಸಿ ಎಲ್ಲ ಕಡೆ ಹರಡಿಕೊಳ್ಳುತ್ತದೆ. ನಡುವೆ ಇನ್ನೂ ಹಬೆ ಇಲ್ಲದಿದ್ದರೆ ಮತ್ತೆ ಇಪ್ಪತ್ತು ಸೆಕೆಂಡ್ ಇಡಿ. ಗರಿ ಬರುವುದಿಲ್ಲ, ಮೆತ್ತಗಂತೂ ಇರುತ್ತದೆ.

ಪ್ರಶ್ನೆ, ಕುಕ್ ಟೌನ್‌ನ ಸದಸ್ಯೆ:
ಗೋವಾದಿಂದ ಫ್ರೆಂಡ್ ಒಂದು ಸರ ಸಾಸೇಜ್ ತಂದುಕೊಟ್ಟಿದ್ದಾರೆ. ಕೆಂಪಗೆ, ಹುಳಿ ವಾಸನೆ. ಅದನ್ನೂ ಹೀಗೇ ಬಿಸಿ ಮಾಡಬಹುದಾ?

ಶೆಫ್:
ಬೇಡ ಬೇಡ. ಅದು ಚೊರಿಸೊ. ಹಂದಿಮಾಂಸವನ್ನು ವಿನೆಗರ್, ಮೆಣಸಿನಕಾಯಿ, ಉಪ್ಪಿನಲ್ಲಿ ನೆನೆಸಿ ಒಣಗಿಸಿದ್ದು. ಒಳಗೆ ಹಸಿ ಮಾಂಸ. ದಾರ ಬಿಚ್ಚಿ, ಸಿಪ್ಪೆ ಸುಲಿದು, ಈರುಳ್ಳಿ ಆಲೂಗಡ್ಡೆ ಜೊತೆ ಸ್ವಲ್ಪ ನೀರು ಹಾಕಿ ಮುಚ್ಚಿ, ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ ಬೇಯಿಸಿ. ಉಪ್ಪು ಹಾಕಬೇಡಿ, ಅದರಲ್ಲೇ ಬೇಕಾದಷ್ಟಿದೆ. ಪಾವ್ ಜೊತೆ ತಿನ್ನಿ, ತುಂಬಾ ಚೆನ್ನಾಗಿರುತ್ತದೆ.

ಪ್ರಶ್ನೆ, ಯಲಹಂಕದ ಸದಸ್ಯ:
ನನ್ನ ಹೆಂಡತಿ ಈಗ ಐದು ತಿಂಗಳ ಬಸುರಿ. ಪ್ಯಾಕೆಟ್ ಮೇಲೆ ಬೇಯಿಸಿದ್ದು ಅಂತಲೇ ಬರೆದಿದೆ. ಸುಮ್ನೆ ಹಾಗೇ ಕತ್ತರಿಸಿ ಸ್ಯಾಂಡ್‌ವಿಚ್‌ಗೆ ಹಾಕಬಹುದಾ?

ಶೆಫ್:
ತಣ್ಣಗೆ ಕೊಡಲೇಬೇಡಿ ಅಣ್ಣ. ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಫ್ರಿಜ್‌ನ ತಣ್ಣಗಿನಲ್ಲೂ ಬೆಳೆಯುತ್ತದೆ, ಹೊಟ್ಟೆಯಲ್ಲಿರುವ ಮಗುವಿಗೆ ಅಪಾಯ. ಬಿಸಿಗೆ ಅದು ಸಾಯುತ್ತದೆ. ಮೇಲೆ ಹೇಳಿದ ಹಾಗೆ ನೀರು ಹಾಕಿ, ಮುಚ್ಚಿ, ಹಬೆ ಏಳುವವರೆಗೆ ಬಿಸಿ ಮಾಡಿ, ಬಿಸಿ ಬಿಸಿಯಾಗೇ ಕೊಡಿ. ಡಾಕ್ಟರ್ ಬೇಡ ಅಂದಿದ್ದರೆ ಅವರ ಮಾತೇ ಕೇಳಿ.