ಟಿವಿಗೆ ಮಾಡಿದ 'ದಿ ಶೈನಿಂಗ್' ಅಷ್ಟು ಕೆಟ್ಟದಾಗಿದೆಯಾ?

ಮಾಳಮಡ್ಡಿಯವ:
ಸ್ಟೀಫನ್ ಕಿಂಗ್ ಅವರ 'ದಿ ಶೈನಿಂಗ್' ಕಾದಂಬರಿ ಓದಿದವರು, ಕುಬ್ರಿಕ್ ನಿರ್ದೇಶಿಸಿದ 1980ರ ಸಿನಿಮಾ ನೋಡಿದವರು ಇಲ್ಲಿ ಬಹಳ ಮಂದಿ ಇದ್ದೀರಿ. ಚಳಿಗಾಲಕ್ಕೆ ಮುಚ್ಚಿದ ಹೋಟೆಲ್ ಕಾಯಲು ಹೆಂಡತಿ, ಮಗನ ಜೊತೆ ಹೋದ ಒಬ್ಬ ಅಪ್ಪನನ್ನು ಅಲ್ಲಿಯ ಭೂತಗಳು ಹಿಡಿಯುವ ಕಥೆ. 1997ರಲ್ಲಿ ಅಮೆರಿಕದ ಟಿವಿಗೆ ಅಂತ ಮೂರು ಕಂತಿನಲ್ಲಿ ಮಾಡಿದ್ದನ್ನು ಯಾರಾದರೂ ಪೂರ್ತಿ ನೋಡಿದ್ದೀರಾ? ಕಳೆದ ವಾರ ಧಾರವಾಡದಲ್ಲಿ ಮಳೆ ಹಿಡಿದದ್ದು ಬಿಡಲಿಲ್ಲ. ಮೂರು ರಾತ್ರಿ ಕೂತು ನೋಡಿದೆ. ನನಗೆ ಹಿಡಿಸಿತು. ಗೆಳೆಯನಿಗೆ ಹೇಳಿದರೆ "ಆ ಸಿನಿಮಾ ನೋಡಿದ ಮ್ಯಾಲ ಇದನ್ನ್ಯಾಕ ನೋಡ್ತೀ" ಅಂದ. ಅದನ್ನು ಮೆಚ್ಚಿದವರು ಇದನ್ನು ಬೈಯಲೇಬೇಕಾ? ಚಿತ್ರಕಥೆ ಕಿಂಗ್ ಅವರೇ ಬರೆದದ್ದು, ಕಾದಂಬರಿಗೆ ಹತ್ತಿರ ಇದೆ. ಆದರೆ ಅಷ್ಟಕ್ಕೇ ಒಳ್ಳೆಯದು ಅನ್ನಲಿಕ್ಕೂ ಆಗುವುದಿಲ್ಲ. ನೋಡುವಾಗ ನಿಮಗೆ ಏನಾಯಿತು, ಅದನ್ನು ಹೇಳಿ.

ಹುಬ್ಬಳ್ಳಿ ಹುಡುಗ:
ಅಣ್ಣಾ, ನಾನು ಎರಡನೇ ಕಂತಿಗೇ ಬಿಟ್ಟೆ. ಹೋಟೆಲ್ ಅಂಗಳದಲ್ಲಿ ಗಿಡ ಕತ್ತರಿಸಿ ಮಾಡಿದ ಸಿಂಹಗಳಿಗೆ ಜೀವ ಬರುತ್ತದಲ್ಲ, ಅದು ಕಂಪ್ಯೂಟರ್ ಕೆಲಸ ಅಂತ ಎದ್ದು ಕಾಣುತ್ತದೆ. ಸಿನಿಮಾದಲ್ಲಿ ಆ ಹುಡುಗ ಮೂರು ಗಾಲಿ ಸೈಕಲ್ ಹೊಡೆಯುತ್ತಾನೆ. ಕಟ್ಟಿಗೆ ನೆಲದ ಮೇಲೆ ಗಡಗಡ, ಕಾರ್ಪೆಟ್ ಮೇಲೆ ಬಂದಾಗ ಸದ್ದಿಲ್ಲ, ಮತ್ತೆ ಗಡಗಡ. ಅಷ್ಟಕ್ಕೇ ಮೈ ಜುಮ್ ಅನ್ನುತ್ತದೆ. ಇದರಲ್ಲಿ ಅಂಥದ್ದು ಎಲ್ಲಿದೆ?

ಬೆಟಗೇರಿ ಮಗಳು:
ತಮ್ಮಾ, ಸಿಂಹಗಳ ಮಾತು ನಿಜ. ಎಳೆದಿದ್ದಾರೆ ಅನ್ನುವುದೂ ನಿಜ, ಸುಮಾರು ನಾಲ್ಕೂವರೆ ತಾಸು. ಆದರೆ ನನಗೆ ಆ ನಾಲ್ಕೂವರೆ ತಾಸು ಬೇಕಿತ್ತು.

ನಮ್ಮ ಅಪ್ಪ ಮನೆಯಲ್ಲೇ ಕೈಮಗ್ಗದ ಮೇಲೆ ಸೀರೆ ನೇಯುತ್ತಿದ್ದರು. ಕುಡಿತ ಇತ್ತು. ಒಂದು ಸಲ ಹನ್ನೊಂದು ತಿಂಗಳು ಬಿಟ್ಟಿದ್ದರು. ಆ ಹನ್ನೊಂದು ತಿಂಗಳೂ ಅವ್ವ ರೊಟ್ಟಿ ಬಡಿಯುತ್ತಲೇ ಮಗ್ಗದ ಸದ್ದು ಕೇಳುತ್ತಿದ್ದಳು. ಲಾಳಿ ಓಡುತ್ತಿದ್ದರೆ ಅವಳ ಕೈಯೂ ಓಡುತ್ತಿತ್ತು. ಸದ್ದು ನಿಂತರೆ ಕೈಯೂ ನಿಲ್ಲುತ್ತಿತ್ತು. ನೂಲು ಹರಿಯಿತೋ, ಅಪ್ಪ ಎದ್ದು ಹೊರಗೆ ಹೊರಟರೋ? ಮತ್ತೆ ಲಾಳಿ ಸದ್ದು ಬರುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೋದದ್ದೂ ಉಂಟು. ನಾವು ಮಕ್ಕಳು ಅವಳ ಕೈ ನೋಡುತ್ತಾ ಕೂತಿರುತ್ತಿದ್ದೆವು.

ಇದರಲ್ಲಿ ಆ ಹೆಂಡತಿ ಗಂಡನನ್ನು ಹಾಗೇ ನೋಡುತ್ತಾಳೆ. ಅವನು ಕುಡಿತ ಬಿಟ್ಟವನು. ಹಿಂದೊಮ್ಮೆ ಮಗನ ಕೈ ಮುರಿದವನು. ಆದರೂ ಮಗ ಅಂದರೆ ಜೀವ. ಒಳ್ಳೆಯವನಾಗಿ ಉಳಿಯಬೇಕು ಅಂತ ಒದ್ದಾಡುತ್ತಾನೆ. ಅಂಥವನು ದಿನಾ ಒಂದಿಷ್ಟು ಕೈತಪ್ಪಿ ಹೋಗುವುದನ್ನು ತೋರಿಸಲು ವೇಳೆ ಬೇಕು. ಸಿನಿಮಾದಲ್ಲಿ ಅಪ್ಪನಾದ ಜ್ಯಾಕ್ ನಿಕೋಲ್ಸನ್ ಮೊದಲ ಸಲ ನಕ್ಕಾಗಲೇ ಇವನು ಏನೋ ಮಾಡುತ್ತಾನೆ ಅನ್ನಿಸಿಬಿಡುತ್ತದೆ. ಟಿವಿಯಲ್ಲಿ ಅಪ್ಪನಾದ ಸ್ಟೀವನ್ ವೆಬರ್ ನೋಡಿದರೆ ಇವನು ಉಳಿಯಲಪ್ಪಾ ಅನ್ನಿಸುತ್ತದೆ. ನನಗೆ ಹೆದರಿಕೆ ಆದದ್ದೇ ಅಲ್ಲಿ.

ನೆಲಮಾಳಿಗೆಯ ಬಾಯ್ಲರ್ ನೆನಪಿದೆ ಅಲ್ವಾ? ದಿನಾ ಇಳಿದು ಹೋಗಿ ಒತ್ತಡ ತಗ್ಗಿಸಬೇಕು, ಮರೆತರೆ ಹೋಟೆಲೇ ಸಿಡಿಯುತ್ತದೆ. ಸಿನಿಮಾದ ಅಪ್ಪ ಮಗನನ್ನು ಅಟ್ಟಿಸಿಕೊಂಡು ಹೋಗಿ ಹಿಮದಲ್ಲಿ ಸಾಯುತ್ತಾನೆ. ಟಿವಿಯ ಅಪ್ಪ ಕೊನೆ ಗಳಿಗೆಯಲ್ಲಿ ಎಚ್ಚರಾಗಿ, ಮಗ ಉಳಿಯಲಿ ಅಂತ ಆ ಬಾಯ್ಲರ್ ಸಿಡಿಯಲು ಬಿಡುತ್ತಾನೆ. ನಾನು ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ಮಾಳಮಡ್ಡಿಯವ:
ಅಕ್ಕಾ, ನನಗೆ ಹೇಳಲು ಬಾರದಿದ್ದದ್ದು ಇದೇ. ಇನ್ನೊಂದು ಮಾತು. ಇದನ್ನು ಚಿತ್ರೀಕರಿಸಿದ್ದು ಕೊಲರಾಡೊದ ಸ್ಟ್ಯಾನ್ಲಿ ಹೋಟೆಲಿನಲ್ಲಿ. 1974ರಲ್ಲಿ ಕಿಂಗ್ ಅಲ್ಲಿ ತಂಗಿದ್ದಾಗಲೇ ಈ ಕಥೆ ಹೊಳೆದದ್ದು. ಸಿನಿಮಾದ ಹೋಟೆಲ್ ಒಳಗೆ ಕಾಲಿಟ್ಟ ಕೂಡಲೇ ಎದೆ ಭಾರ ಆಗುತ್ತದೆ. ಇದು ಹಾಗಲ್ಲ, ಮಂದಿ ಬಂದು ಉಂಡು ಮಲಗಿ ಹೋಗುವ ಹೋಟೆಲ್. ಹಾಗಾಗಿ ಕೇಡು ತಡವಾಗಿ ಕಾಣುತ್ತದೆ. ಹತ್ತು ವರ್ಷದ ನಂತರ ಅಂತ ಸೇರಿಸಿದ ಕೊನೆಯ ತುಣುಕು ಮಾತ್ರ ಜಾಸ್ತಿ ಆಯಿತು. ಬಾಯ್ಲರ್ ಸಿಡಿದಲ್ಲಿಗೆ ನಿಲ್ಲಿಸಬೇಕಿತ್ತು.

ಹುಬ್ಬಳ್ಳಿ ಹುಡುಗ:
ಅಕ್ಕಾ, ಕೇಳಬಾರದೇನೋ. ಹನ್ನೊಂದು ತಿಂಗಳಾದ ಮೇಲೆ?

ಬೆಟಗೇರಿ ಮಗಳು:
ಮತ್ತೆ ಶುರುವಾಯಿತು ತಮ್ಮಾ. ಕಾರಹುಣ್ಣಿಮೆ ಹಿಂದಿನ ದಿನ ಮಗ್ಗ ನಿಂತಿತು. ಅವ್ವ ಬಹಳ ಹೊತ್ತು ಕಿವಿಗೊಟ್ಟು ಕೂತಳು. ಆಮೇಲೆ ಒಲೆ ಆರಿಸಿ ನಮ್ಮನ್ನು ಪಕ್ಕದ ಮನೆಗೆ ಕಳಿಸಿದಳು. ನೀನು ಮೂರನೇ ಕಂತು ನೋಡು, ಆಮೇಲೆ ಬಂದು ಬರಿ.